ಮನೆಯಡಿಯ ಬೂಷ್ಟು, ಮೊಮ್ಮಗಳ ಬಲೂನು

ನನ್ನ ಮೊಮ್ಮಗಳು ಬಲೂನು ಊದಿದಳು! ಅಂಗಡಿಯವ ಊದಿ ಕೊಟ್ಟದ್ದಲ್ಲ, ಅಪ್ಪ ಊದಿ ಬಾಯಿ ಕಟ್ಟಿದ್ದೂ ಅಲ್ಲ. ಐದು ವರ್ಷದ ದೀಪಾ ತನ್ನದೇ ಉಸಿರು ತುಂಬಿ, ಕೆನ್ನೆ ಉಬ್ಬಿಸಿ, ಕುಂಬಳಕಾಯಿಯಷ್ಟು ದೊಡ್ಡದು ಮಾಡಿದಳು. ಇಷ್ಟಕ್ಕೇ ಇಷ್ಟು ಸಂಭ್ರಮವೇ ಎಂದು ನೀವು ನಗಬಹುದು. ನಗಿ. ನಾನೂ ಬೆಳಗಿನಿಂದ ನಗುತ್ತಲೇ ಇದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಪೆನ್ನು ಹಿಡಿದು ಕೂತದ್ದೂ ಅದೇ ಖುಷಿಗೆ.

ನಾನೀಗ ಇರುವುದು ಒಮಾನಿನ ಬರ್ಕಾದಲ್ಲಿ, ಮಗಳು ವನಜಳ ಮನೆಯಲ್ಲಿ. ಮನೆಯೆಂದರೆ ಅಳಿಯ ಸದಾನಂದರಿಗೆ ಕಂಪೆನಿ ಕೊಟ್ಟ ಪೋರ್ಟಾ ಕ್ಯಾಬಿನ್, ಸಿಮೆಂಟು ಕಲ್ಲುಗಳ ಮೇಲೆ ಎತ್ತಿ ಕೂರಿಸಿದ ಹಲಗೆಯ ಪೆಟ್ಟಿಗೆ. ಅಡಿಯಲ್ಲಿ ಒಬ್ಬರು ತೆವಳಿ ಹೋಗುವಷ್ಟು ಜಾಗ. ನಾನು ಬಂದಾಗ ಅಲ್ಲೊಂದು ಬೆಕ್ಕಿನ ಸಂಸಾರವಿತ್ತು. ಮಗುವಿಗೆ ಬೆಕ್ಕಿನ ರೋಮ ಬೇಡ, ಧೂಳೂ ಬೇಡ ಎಂದು ಅಳಿಯ ಸುತ್ತ ತಗಡು ಹೊಡೆದು ಮುಚ್ಚಿದರು. ಮನೆಗೆ ಲಂಗ ತೊಡಿಸಿದಷ್ಟು ಚಂದ ಕಂಡಿತು.

ದೀಪಾಳ ಕೆಮ್ಮು ಶುರುವಾದದ್ದು ಆಮೇಲೆ. ಊರಲ್ಲಿರುವ ನಮ್ಮ ಯಜಮಾನರಿಗೆ ನಾವು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತೇವೆ. ಅದರಲ್ಲಿ ನನ್ನ ಸ್ವರಕ್ಕಿಂತ ಮಗುವಿನ ಕೆಮ್ಮೇ ಜೋರು. ಮದ್ದಿಗೂ ಉಬ್ಬಸ ಬಗ್ಗದಾಗ ಡಾಕ್ಟರು, "ಸ್ವಲ್ಪ ಸಮಯ ಊರಿಗೆ ಕಳಿಸಿ ನೋಡಿ" ಎಂದರು. ಅಂದರೆ ತಾಯಿ ಮಗು ನನ್ನ ಜೊತೆ ಅಲ್ಲಿ, ಸದಾನಂದರು ಇಲ್ಲಿ ಒಬ್ಬರೇ. ವನಜ ಒಂದು ಮಾತೂ ಆಡದೆ ಬಟ್ಟೆ ಮಡಚತೊಡಗಿದಳು.

ನಾನೂ ಮಂಚದಡಿಯಿಂದ ಸೂಟ್‌ಕೇಸ್ ಎಳೆದೆ. ಅದರ ಹೊಟ್ಟೆಯ ತುಂಬ ಬೂಷ್ಟು! ಆಟಿ ತಿಂಗಳ ಮಳೆಗೆ ನಮ್ಮೂರಲ್ಲಿ ಚಪ್ಪಲಿಗೆ ಹಿಡಿಯುವಂಥದ್ದೇ. ಮಳೆಯೇ ಕಾಣದ ಈ ಮರಳಿಗೆ ಇದು ಎಲ್ಲಿಂದ ಬಂತು? ನಾನು ತಂದ ಒಣಮೀನಿನ ಸಂಗಡ ಬಂದಿರಬೇಕೆಂದು ನಾಚಿಕೆಯಾಯಿತು. ಯಾರಿಗೂ ಹೇಳದೆ ಒರೆಸಿ, ಮೀನನ್ನು ಬೆಕ್ಕುಗಳಿಗೆ ಹಾಕಿದೆ. ಅವುಗಳಿಗೆ ಹಬ್ಬ. ಬೂಷ್ಟು ಮಾತ್ರ ಪುನಃ ಹಾಜರು. ನನಗಾದರೆ ವಿಸಿಟ್ ವೀಸಾ ಬೇಕಾಯಿತು. ಅದಕ್ಕೆ ವೀಸಾವೂ ಬೇಡ, ಜಾಮೀನು ನಿಲ್ಲುವ ಕಫೀಲನೂ ಬೇಡ.

ಕಡೆಗೆ ಮರ್ಯಾದೆ ಬಿಟ್ಟು ಮಗಳಿಗೆ ತೋರಿಸಿದೆ. ಅವಳು ಮಂಚ ಸರಿಸಿ ಕಾರ್ಪೆಟ್ ಎತ್ತಿದರೆ ಹಲಗೆ ತೇವ, ಮೇಲೆಲ್ಲ ಕಪ್ಪು ಕಲೆ.

ನೆರೆಯ ಹಸನಬ್ಬ, ನಮ್ಮ ಕಡೆಯ ಬ್ಯಾರಿ ವ್ಯಾಪಾರಿ, ಟಾರ್ಚು ತಂದರು. ಅಳಿಯ ತಗಡು ಕಿತ್ತು ಒಳಗೆ ತೆವಳಿದರು.

"ಎಂತ ಉಂಟು ಸದಾನಂದಣ್ಣ, ಬೆಕ್ಕಾ ಜಿನ್ನಾ?" ಎಂದರು ಹಸನಬ್ಬ.

"ಎಸಿ ನೀರು ಮಾರಾಯ್ರೆ! ಪೈಪಿನ ಬಾಯಿ ತಗಡಿನ ಒಳಗೇ ಉಳಿದಿದೆ!"

ಹಗಲೂ ರಾತ್ರಿ ತೊಟ್ಟಿಕ್ಕಿದ ನೀರಿಗೆ ಬಿಸಿಲಿಲ್ಲ, ಗಾಳಿಯಿಲ್ಲ. ನಮ್ಮ ಮನೆಯಲ್ಲಿ ಅಕ್ಕಿ ಮುಡಿಯನ್ನು ನೆಲಕ್ಕೆ ತಾಗಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ಹಲಗೆಯ ಮೇಲೆ ಇಡುತ್ತಿದ್ದೆವು. ಅಷ್ಟು ತಿಳಿದ ನಾನೇ ಈ ತಗಡು ಹೊಡೆಯುವಾಗ ಮೊಳೆ ಎತ್ತಿಕೊಟ್ಟವಳು!

ಅಳಿಯ ಮೈಯೆಲ್ಲ ಮರಳಾಗಿ ಬಂದು ಮೆಟ್ಟಿಲ ಮೇಲೆ ಕೂತರು. "ಮುಚ್ಚಿದ್ದು ನಾನೇ ಅಲ್ವಾ ಅತ್ತೆ. ಮಗುವಿನ ಉಸಿರಿಗೆ ನಾನೇ..."

"ಸುಮ್ಮನಿರಿ. ಮಗುವಿಗೆ ಒಳ್ಳೇದಾಗ್ಲಿ ಅಂತ ಮುಚ್ಚಿದ್ದು. ನೀವೇನು ಬೂಷ್ಟು ಬಿತ್ತಿದ್ರಾ?"

"ಅಮ್ಮ ಹೇಳಿದ್ದು ಸರಿ," ಎಂದರು ಹಸನಬ್ಬ. "ಬೇಜಾರು ಖಲಾಸ್. ಯಲ್ಲಾ, ಹಾರೆ ತನ್ನಿ."

ತಾಯಿ ಮಗು ಇಬ್ಬರನ್ನೂ ಹಸನಬ್ಬರ ಮನೆಗೆ ಕಳಿಸಿ ಕೆಲಸ ಹಿಡಿದರು. ಒದ್ದೆ ಮರಳು ಹೊರಗೆ ಬಂತು. ಕೊಳೆತ ಹಲಗೆ ಹೋಗಿ ಹೊಸದು ಬಂತು. ಉಳಿದದ್ದನ್ನು ಉಜ್ಜಿ, ಚೆನ್ನಾಗಿ ಒಣಗಲು ಬಿಟ್ಟರು. ಕಾರ್ಪೆಟ್ಟನ್ನು ಎಸೆದೇಬಿಟ್ಟರು. ತಗಡಿನ ಬದಲು ಈಗ ತಂತಿಯ ಬಲೆ. ಎಸಿಯ ಪೈಪು ಅಂಗಳ ದಾಟಿ ನಾನು ನೆಟ್ಟ ಬಸಳೆಯ ಬುಡಕ್ಕೆ ಹೋಗಿದೆ. ಬಳ್ಳಿ ಚಪ್ಪರ ಮೀರಿ ಹಬ್ಬಿದೆ. ಕೆಮ್ಮು ದಿನದಿಂದ ದಿನಕ್ಕೆ ಇಳಿಯಿತು. ಕಡೆಗೆ ಡಾಕ್ಟರು ಎದೆ ಪರೀಕ್ಷಿಸಿ "ಇಲ್ಲೇ ಇರಲಿ" ಎಂದರು. ಊರಿಗೆ ಹೋಗುವುದು ಇನ್ನು ನಾನೊಬ್ಬಳೇ. ಹೀಗೆ ಒಬ್ಬಳೇ ಹೋಗುವುದಕ್ಕೆ ಇಷ್ಟು ಸಂತೋಷಪಟ್ಟ ಅಜ್ಜಿ ಇನ್ನೊಬ್ಬಳು ಇರಲಾರಳು.

ಇವತ್ತು ಸಂಜೆ ಎಲ್ಲರೂ ಚಾಪೆಯ ಮೇಲೆ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಬಸಳೆಯ ಸಾರು. ಅಳಿಯ ಮೂರನೇ ಸಲ ಬಡಿಸಿಕೊಂಡರು. ಮಡಚಿದ ಬಟ್ಟೆಗಳೆಲ್ಲ ಕಪಾಟಿಗೆ ಮರಳಿದ್ದವು, ವನಜಳ ಬಾಯಿಗೆ ಮಾತು ಮರಳಿತ್ತು. ಯಜಮಾನರಿಗೆ ಕೇಳಲಿ ಎಂದು ಕ್ಯಾಸೆಟ್ಟು ಓಡುತ್ತಲೇ ಇತ್ತು. ಬಲೂನು ದೀಪಾಳ ಮಡಿಲಲ್ಲಿ.

"ಬೆಳಿಗ್ಗೆ ನೋಡುವಾಗ ಅದು ಕುಗ್ಗಿರ್ತದೆ ಮಗಾ," ಎಂದೆ, ಆಗ ಮಗು ಅಳಬಾರದಲ್ಲ ಎಂದು.

ಅವಳು ತುತ್ತು ನುಂಗಿ ಹೇಳಿದಳು: "ನೋ ಪ್ರಾಬ್ಲಂ ಅಜ್ಜಿ. ಪುನಃ ಊದ್ತೇನೆ."