ನೂರೇಳು ಮಣಿ

ಮಣಿಯ ತೂತಿನ ಅಂಚಿನಲ್ಲಿ, ಒಂದೇ ಬದಿಗೆ, ದಾರ ಉಜ್ಜಿ ಉಜ್ಜಿ ಬಿದ್ದ ಸಣ್ಣ ಗೆರೆಯಿದೆ. ಉಗುರಿನ ತುದಿ ಅದರಲ್ಲಿ ಸರಿಯಾಗಿ ಕೂರುತ್ತದೆ. ತುಳಸಿ ಕಟ್ಟಿಗೆಯ ಮಣಿ, ಹುಣಸೆ ಬೀಜಕ್ಕಿಂತ ಚಿಕ್ಕದು. ಅಂಗೈಯಲ್ಲಿ ಮುಚ್ಚಿ ಹಿಡಿದು ಬಿಸಿಯಾಗಲು ಬಿಟ್ಟರೆ ಅದರಿಂದ ಈಗಲೂ ಕೊಬ್ಬರಿ ಎಣ್ಣೆ ಮತ್ತು ಕರ್ಪೂರದ ವಾಸನೆ ಏಳುತ್ತದೆ. ಆ ವಾಸನೆಯ ಹಿಂದೆಯೇ ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ, ಕೆಲಸಗಾರರ ಸಾಲಿನ ನಮ್ಮ ಲೈನ್ ಮನೆ ಬರುತ್ತದೆ: ಬೆಳಗಿನ ಬಿಸಿಲಿಗೆ ಟಕ್ ಟಕ್ ಎಂದು ಹಿಗ್ಗುವ ತಗಡಿನ ಸೂರು, ಬಾಗಿಲ ಬಳಿ ತಾತನ ಹಗ್ಗದ ಮಂಚ, ಮಂಚಕ್ಕೆ ಒರಗುವಷ್ಟು ಹತ್ತಿರ ಅಜ್ಜಿಯ ಮಣೆ. ಅಂಥ ಮನೆಯೊಂದನ್ನು ನೀವೂ ಕಳೆದುಕೊಂಡಿದ್ದರೆ ನಿಮಗೆ ಗೊತ್ತಿರುತ್ತದೆ. ಅದು ಪೂರ್ತಿಯಾಗಿ ನೆನಪಿಗೆ ಬರುವುದಿಲ್ಲ, ಹೀಗೆ ಒಂದೊಂದೇ ಮೂಲೆಯಾಗಿ ಬರುತ್ತದೆ.

ಅಮ್ಮ ಬೆಳಗಿನ ರೈಲಿಗೆ ಬಂಗಾರಪೇಟೆಯ ಹೊಲಿಗೆ ಅಂಗಡಿಗೆ ಹೋದರೆ ಸಂಜೆಗೆ ಬರುತ್ತಿದ್ದಳು. ಹಗಲೆಲ್ಲ ನಾನು ಅವಳ ಅಪ್ಪ ಅಮ್ಮನ ಪಾಲಿಗೆ. ತಾತ ಗಣಿಯ ಕೆಲಸದಲ್ಲಿದ್ದವರು; ಕೆಲಸ ಬಿಡುವ ಹೊತ್ತಿಗೆ ಎದೆ ತುಂಬ ಕಲ್ಲಿನ ದೂಳು ತುಂಬಿಕೊಂಡಿತ್ತು, ಮಂಚದಿಂದ ಬಾಗಿಲಿಗೆ ನಡೆಯುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. ಅವರು ಮೊದಲ ಸಲ ಗಣಿಗೆ ಇಳಿದ ವಾರವೇ ಅಜ್ಜಿ ಬಂಗಾರಪೇಟೆಗೆ ಹೋಗಿ ಜಪಮಾಲೆ ತಂದಿದ್ದಳಂತೆ. ಅವರು ಮೇಲೆ ಬರುವತನಕ ಕೈಗೆ ಏನಾದರೂ ಬೇಕಾಗಿತ್ತು ಎನ್ನುತ್ತಿದ್ದಳು. ಅಂಗಡಿಯವನು ಹೊಳೆಯುವ ಸ್ಫಟಿಕ ತೋರಿಸಿದರೂ ಒಪ್ಪದೆ, ಕಣ್ಣು ಮುಚ್ಚಿ ಒಂದೊಂದೇ ಮಾಲೆಯನ್ನು ಬೆರಳಿನಲ್ಲಿ ಓಡಿಸಿ ನೋಡಿದ್ದಳು. "ಚೆಂದ ಕಾಣೋದೆಲ್ಲಾ ಕೊರಳಿಗೆ ಕಣೇ. ಜಪಕ್ಕೆ ಬೇಕಾದ್ದನ್ನ ಬೆರಳನ್ನೇ ಕೇಳ್ಬೇಕು. ಜಾರ್ಬಾರ್ದು, ಅಂಟ್ಕೋಬಾರ್ದು" ಎಂದು ನನಗೆ ಹೇಳುತ್ತಿದ್ದಳು. ಸ್ಫಟಿಕ ತಣ್ಣಗೆ ತನ್ನಷ್ಟಕ್ಕೆ ತಾನಿರುತ್ತದೆ, ತುಳಸಿ ಮಾತ್ರ ಹಿಡಿದವರ ಬಿಸಿಯನ್ನು ತನ್ನದು ಮಾಡಿಕೊಳ್ಳುತ್ತದೆ ಎಂಬುದು ಅವಳ ತೀರ್ಮಾನ.

ನನಗೆ ಏಳು ವರ್ಷವಿದ್ದಾಗ ಒಂದು ಬೆಳಿಗ್ಗೆ ನೆಲ ಅದುರಿತು. ಗಣಿ ಮುಚ್ಚಿ ಆಗಲೇ ಕೆಲವು ವರ್ಷವಾಗಿತ್ತು. ಕೆಳಗಿನ ಸುರಂಗಗಳಲ್ಲಿ ನೀರು ಏರುತ್ತಿತ್ತು, ಆಗಾಗ ಹೀಗೆ ಅದುರುತ್ತಿತ್ತು. ಗಣಿ ನಡೆಯುತ್ತಿದ್ದಾಗ ಹಾಗೆ ಅದುರಿದರೆ, ಕೆಳಗಿದ್ದ ಗಂಡಂದಿರಿಗಾಗಿ ಹೆಂಗಸರು ಗಣಿಗೆ ಇಳಿಯುವ ಶಾಫ್ಟಿನ ಬಳಿಗೆ ಓಡುತ್ತಿದ್ದರಂತೆ. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಜಪಕ್ಕೆ ಕೂತಿದ್ದ ಅಜ್ಜಿ ಎದ್ದವಳೇ ಮಾಲೆ ಹಿಡಿದ ಕೈಯಲ್ಲೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಓಡಿದಳು. ಮಂಚ ದಾಟಿ, ತಾತನ ಕಾಲು ದಾಟಿ ಓಡಿದಳು. ತಾತ ಕೂತಲ್ಲಿಂದಲೇ ನಗುತ್ತ ಕೂಗಿದರು: "ಓಗು ಓಗು. ನಾನು ಮೇಲಕ್ ಬಂದ್ರೆ ನಂಗೂ ಒಂದ್ ಮಾತು ತಿಳ್ಸು." ಆಮೇಲೆ ಕೆಮ್ಮು ಬಂದು, ನಗುವುದನ್ನು ನಿಲ್ಲಿಸಿದರು.

ನಾನು ಅವಳ ಹಿಂದೆಯೇ ಓಡಿದೆ. ಶಾಫ್ಟಿನ ಗೇಟಿಗೆ ತುಕ್ಕು ಹಿಡಿದ ಬೀಗ ಹಾಕಿತ್ತು. ಅದರ ಮುಂದೆ ಅಜ್ಜಿಯ ವಯಸ್ಸಿನ ಆರೇಳು ಹೆಂಗಸರು ಆಗಲೇ ಬಂದು ನಿಂತಿದ್ದರು. ಒಬ್ಬಳ ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಎಲ್ಲರೂ ತಲೆ ಎತ್ತಿ, ಒಂದು ಕಾಲಕ್ಕೆ ಗಂಡಸರನ್ನು ಇಳಿಸಿ ಏರಿಸುತ್ತಿದ್ದ, ಈಗ ತಿರುಗದೆ ನಿಂತ ಆ ದೊಡ್ಡ ಚಕ್ರವನ್ನೇ ನೋಡುತ್ತಿದ್ದರು. ಕೊನೆಗೆ ಪಕ್ಕದ ಮನೆಯ ತಮಿಳು ಮುದುಕಿ ಸೆಲ್ವಿ ಪಾಟಿ ಅಜ್ಜಿಯ ತೋಳು ಮುಟ್ಟಿ, "ಕೆಳಗೆ ಯಾರಿದಾರೆ ಈಗ? ವಾಂಗ, ಬನ್ನಿ, ಒಲೆ ಮೇಲೆ ಸಾರಿಟ್ಟು ಬಂದಿದೀನಿ" ಎಂದಳು. ಅಜ್ಜಿ ಗೇಟಿನಿಂದ ಕೈ ತೆಗೆಯುವಾಗ ಮಾಲೆ ತಂತಿಗೆ ಸಿಕ್ಕಿ ಹರಿಯಿತು.

ಕೆಂಪು ಮಣ್ಣಿನಲ್ಲಿ ಕೂತು ಮಣಿಗಳನ್ನು ಆರಿಸಿದವಳು ನಾನೇ. ಒಂದನ್ನು ಲಂಗದ ಮಡಿಕೆಯಲ್ಲಿ ಉಳಿಸಿಕೊಂಡೆ. ನನ್ನನ್ನೂ ತಾತನನ್ನೂ ಬಿಟ್ಟು, ಅಲ್ಲಿಲ್ಲದ ಯಾರಿಗಾಗಿಯೋ ಓಡಿದಳಲ್ಲ ಎಂಬ ಸಿಟ್ಟು ಆಗ ನನ್ನಲ್ಲಿತ್ತು. ಅದನ್ನು ಸಿಟ್ಟು ಎಂದು ಕರೆಯಲು ಕಲಿತದ್ದು ಬಹಳ ತಡವಾಗಿ.

ಅಜ್ಜಿ ಮಧ್ಯಾಹ್ನವೆಲ್ಲ ಕೂತು ಮಾಲೆ ಪೋಣಿಸಿ ಎಣಿಸಿದಳು, ನೂರೇಳು. ಇನ್ನೊಮ್ಮೆ ಎಣಿಸಿ ನನ್ನ ಕಡೆ ನೋಡಿದಳು. "ಒಂದು ಎಲ್ಲೋ ಐತೆ. ಇರ್ಲಿ ಬಿಡು" ಎಂದಳು, ಅಷ್ಟೇ. ಮಾರನೆಯ ದಿನದಿಂದ ನೂರೇಳು ಮಣಿ ಮುಗಿದ ಮೇಲೆ ಎಡಗೈ ಚಾಚಿ ಮಂಚದ ಮೇಲಿದ್ದ ತಾತನ ಕಾಲು ಮುಟ್ಟಿ ರಾಮ ಎನ್ನುತ್ತಿದ್ದಳು, ಅದು ನೂರೆಂಟನೆಯದು. "ಏನ್ಲೇ, ನಾನೂ ಕಟ್ಟಿಗೆ ಆಗೋದ್ನಾ?" ಎಂದು ತಾತ ಮೊದಲ ದಿನ ಕೇಳಿದರು. "ಕಟ್ಟಿಗೆ ಕೆಮ್ಮಾಕಿಲ್ಲ, ಸುಮ್ನಿರು" ಎಂದಳು ಅಜ್ಜಿ. ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೆಲವು ವಾರ ಕಳೆದ ಮೇಲೆ, ಸುತ್ತು ಮುಗಿಯುವ ಹೊತ್ತನ್ನು ಹೇಗೋ ತಿಳಿದು, ತಾತ ತಾವೇ ಕಾಲನ್ನು ಅವಳ ಕೈಗೆ ಸಿಗುವಂತೆ ಸರಿಸಿಡತೊಡಗಿದರು.

ಮಣಿಯನ್ನು ವಾಪಸು ಕೊಡಬೇಕೆಂದು ಎಷ್ಟೋ ಸಲ ಮುಷ್ಟಿಯಲ್ಲಿ ಹಿಡಿದು ಹತ್ತಿರ ಹೋಗಿದ್ದೇನೆ. ಕೊಟ್ಟರೆ ಆ ಕೈ ಚಾಚುವುದು ನಿಂತುಹೋಗುತ್ತಿತ್ತು. ತಾತ ಹೋದ ಮೇಲಾದರೂ ಕೊಡಬಹುದಿತ್ತು. ಆಗ ಅಜ್ಜಿ ಮಂಚದ ಚೌಕಟ್ಟನ್ನು ಮುಟ್ಟಿ ಎಣಿಕೆ ಮುಗಿಸುವುದನ್ನು ನೋಡಿ ಮಣಿಯನ್ನು ಮತ್ತೆ ಒಳಗಿಟ್ಟೆ. ಆಮೇಲೆ ನಾವು ಮನೆ ಬಿಟ್ಟು ಬಂಗಾರಪೇಟೆಗೆ ಬಂದಾಗ ಮಂಚವೂ ಜೊತೆಗೆ ಬಂತು. ಲೈನ್ ಮನೆಯ ತಗಡು, ಬಾಗಿಲು ಯಾರ ಯಾರ ಪಾಲಾದವೋ. ಈಗ ಅಲ್ಲಿ ಮೊಣಕಾಲೆತ್ತರದ ಗೋಡೆ ಇದೆ. ಜಪ ಮಾಡಿದವರ ಮಾಲೆಯನ್ನು ಇನ್ನೊಬ್ಬರು ಮುಟ್ಟಬಾರದೆಂದು, ಕಳೆದ ವರ್ಷ ಅಜ್ಜಿ ತೀರಿಕೊಂಡಾಗ ಅಮ್ಮ ಅದನ್ನು ಅವಳ ಬಲಗೈಗೆ ಸುತ್ತಿದಳು. ನನ್ನ ಪರ್ಸಿನಲ್ಲಿ ಮಣಿ ಇತ್ತು. ಆಗಲೂ ತೆಗೆಯಲಿಲ್ಲ.

ದೇವರಲ್ಲಿ ನನಗೆಷ್ಟು ನಂಬಿಕೆಯಿದೆ ಎಂದು ಯಾರಾದರೂ ಕೇಳಿದರೆ ನಿಖರವಾಗಿ ಹೇಳಲಾರೆ. ಆದರೆ ಅಜ್ಜಿ ಜಪಕ್ಕೆ ಕೂರುತ್ತಿದ್ದ ಹೊತ್ತು ಮನೆಯಲ್ಲಿ ಹಾಗೇ ಖಾಲಿ ಉಳಿದಿತ್ತು. ಮೊನ್ನೆ ಪೇಟೆಯ ಪೂಜಾ ಸಾಮಾನಿನ ಅಂಗಡಿಗೆ ಹೋಗಿ ಜಪಮಾಲೆ ಕೇಳಿದೆ. ವಯಸ್ಸಾದ ಅಂಗಡಿಯವರು ಗಂಧ, ರುದ್ರಾಕ್ಷಿ, ಸ್ಫಟಿಕ ಎಲ್ಲವನ್ನೂ ಹರಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ನಿದ್ದೆ ಬಂತಾ ತಾಯಿ?" ಎಂದರು ಅವರು.

ನಾಲ್ಕನೆಯದು, ಜಾರದ, ಅಂಟದ ಒಂದು ತುಳಸಿ ಮಾಲೆ, ಬೆರಳಿಗೆ ಒಪ್ಪಿತು. ಪರ್ಸಿನಿಂದ ಹಳೆಯ ಮಣಿ ತೆಗೆದು ಅವರ ಮುಂದಿಟ್ಟೆ.

"ಇದನ್ನೂ ಸೇರಿಸ್ಬೇಕಾ? ಸೇರಿಸಿದ್ರೆ ಒಂದು ಜಾಸ್ತಿ ಆಯ್ತದೆ."

"ಇದನ್ನ ಮೇರು ಜಾಗಕ್ಕೆ ಹಾಕಿ. ಮಾಲೆಯಿಂದ ಒಂದು ತೆಗೀರಿ."

ಮೇರು ಎಂದರೆ ಎಣಿಕೆಗೆ ಬಾರದ ತುದಿಯ ಮಣಿ. ಅದನ್ನು ದಾಟುವಂತಿಲ್ಲ, ಅಲ್ಲಿಂದ ಹಿಂದಕ್ಕೆ ತಿರುಗಬೇಕು.

"ಮೇರು ದೊಡ್ಡದಿರ್ಬೇಕಮ್ಮ, ಇದು ಎಲ್ಲಾದ್ಕಿಂತ ಸಣ್ಣದು. ಮತ್ತೆ ಒಂದು ತೆಗದ್ರೆ ನೂರೇಳಾಯ್ತದೆ. ನೂರೇಳಕ್ಕೆ ಯಾರು ಜಪ ಮಾಡ್ತಾರೆ?"

"ನಮ್ಮಜ್ಜಿ ಮಾಡ್ತಿದ್ರು."

ಅವರು ನನ್ನ ಮುಖ ನೋಡಿ, ಕನ್ನಡಕ ಹಾಕಿಕೊಂಡು, ಗಂಟು ಬಿಚ್ಚಿದರು.

ಮರುದಿನ ಬೆಳಿಗ್ಗೆ ಅಜ್ಜಿಯ ಮಣೆ ಹಾಕಿಕೊಂಡು ಕೂತೆ. ಪಕ್ಕದಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ನೂರೇಳು ಮುಗಿದು ಹಳೆಯ ಮಣಿಯ ಗೆರೆ ಬೆರಳಿಗೆ ಸಿಕ್ಕಾಗ ಎಡಗೈ ಚಾಚಿ ಅಮ್ಮನ ಮೊಣಕಾಲು ಮುಟ್ಟಿದೆ. "ಏನೇ?" ಎಂದಳು. ನಾನು ಮಾಲೆ ತಿರುಗಿಸಿ ಎರಡನೆಯ ಸುತ್ತು ಶುರು ಮಾಡಿದೆ. ಕಾಯಿ ಬಿಡಿಸುವ ಸದ್ದು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಕೇಳಿಸಿತು. ಆ ಸುತ್ತಿನ ಕೊನೆಗೆ ನಾನು ಕೈ ಚಾಚಿದಾಗ ಅಷ್ಟು ದೂರ ಚಾಚಬೇಕಾಗಲಿಲ್ಲ. ಅಮ್ಮ ಮೊರವನ್ನು ಆಚೆಗಿಟ್ಟು ಈಚೆಗೆ ಸರಿದು ಕೂತಿದ್ದಳು.