ಮುಖ ಕಾಣದ ಕ್ಯಾಸೆಟ್ಟು

"ಎಂಟುನೂರು ಪಟ್ಟು ಜೂಮ್ ಐತಮ್ಮಾ, ಇರುವೆ ಕಣ್ಣೂ ಕಾಣ್ತೈತಿ" ಎಂದು ಮಕ್ತಲದ ಸ್ಟುಡಿಯೊದವನು ಹೇಳಿದ ಮಾತನ್ನು ನಾನು ನಂಬಿದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ.

ಕ್ಯಾಮೆರಾ ಕೊಳ್ಳಲು ಹೋದದ್ದೂ ಸಿಟ್ಟಿನಿಂದಲೇ. ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಒಂದು ಮಗ್ಗವಿತ್ತು. ಅಪ್ಪ ತೀರಿಕೊಂಡ ತಿಂಗಳಲ್ಲೇ ನೇಕಾರರ ಸಂಘದವರು ನೂಲು ಕೊಡುವುದನ್ನು ನಿಲ್ಲಿಸಿದರು. ನೂಲು ಸಿಗುವುದು ಸಂಘದ ಕಾರ್ಡು ಇದ್ದವರಿಗೆ ಮಾತ್ರ, ಕಾರ್ಡು ಇದ್ದದ್ದು ಅಪ್ಪನ ಹೆಸರಿಗೆ. ಮಗ್ಗದಲ್ಲಿ ಕೂರಲು ನಾನಿದ್ದೆ. ಆದರೆ ಮದುವೆಯಾಗಿ ಹೋಗಿ ಮರಳಿ ಬಂದವಳಿಗೆ ತವರಿನಲ್ಲಿ ಕಾರ್ಡು ಕೊಡುವುದಿಲ್ಲ ಎಂದರು. ಹಾಗಾದರೆ ಅವ್ವನ ಹೆಸರಿಗಾದರೂ ಕೊಡಿ ಎಂದಾಗ ಸಂಘದ ಕಾರ್ಯದರ್ಶಿ ನಕ್ಕುಬಿಟ್ಟ.

"ನೀವು ನೇಕಾರರು ಅನ್ನಾಕ ಸಬೂತು ಏನೈತ್ರಿ? ಹೆಣ್ಮಕ್ಕಳು ಬಾಜೂಕ ಕುಂತು ಎಳಿ ಕೂಡಿಸ್ತಾರ, ಅಷ್ಟ. ಬೇಕಾದ್ರ ವಿಡಿಯೊ ಮಾಡಿ ತಂದು ತೋರಿಸ್ರಿ."

ಅಷ್ಟ! ಮಗ್ಗದ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ, ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತಿರುವು. ಹೀಗೆ ಸಾವಿರಾರು ಸಲ. ನಮ್ಮ ಮನೆಯಲ್ಲಿ ಅದು ಅವ್ವನ ಕೆಲಸ. ಅವಳು ಕೂಡಿಸದಿದ್ದರೆ ಅಪ್ಪನ ಲಾಳಿ ಒಂದು ಗೇಣೂ ಓಡುತ್ತಿರಲಿಲ್ಲ. ಕಾರ್ಯದರ್ಶಿ ವಿಡಿಯೊ ಅಂದದ್ದು ಗೇಲಿಗೆ. ನಾನು ಹಲ್ಲು ಕಚ್ಚಿ ಅದನ್ನೇ ಹಿಡಿದುಕೊಂಡೆ. ಅಪ್ಪ ಬಿಟ್ಟುಹೋದ ಕೊನೆಯ ಒಂದು ಹಾಸು ಕೂಡಿಸದೆ ಉಳಿದಿತ್ತು. ಒಮ್ಮೆ ಹೊಸೆದ ಎಳೆ ಹೊಸೆದದ್ದೇ, ಬಿಚ್ಚಲು ಬರುವುದಿಲ್ಲ. ಚಿತ್ರ ತೆಗೆಯುವುದಿದ್ದರೆ ಆ ಹಾಸು ಕೂಡಿಸಿ ಮುಗಿಯುವುದರೊಳಗೆ ತೆಗೆಯಬೇಕಿತ್ತು.

ಸ್ಟುಡಿಯೊದವನು ನಾಲ್ಕು ಬಗೆಯ ಕ್ಯಾಮೆರಾ ಮೇಜಿನ ಮೇಲಿಟ್ಟ. ಒಂದಕ್ಕೆ ಪುಟ್ಟ ಕ್ಯಾಸೆಟ್ಟು, ಒಂದಕ್ಕೆ ಅಂಗೈಯಗಲದ ಡಿಸ್ಕು, ಇನ್ನೊಂದರ ಹೊಟ್ಟೆಯೊಳಗೇ ಹಾರ್ಡ್ ಡಿಸ್ಕು, ಕೊನೆಯದಕ್ಕೆ ಉಗುರಿನಷ್ಟು ಮೆಮೊರಿ ಕಾರ್ಡು. ಇವುಗಳಲ್ಲಿ ವ್ಯತ್ಯಾಸ ಏನು ಎಂದು ಕೇಳಿದೆ.

"ಅದೆಲ್ಲಾ ನಿಮಗ್ಯಾಕಮ್ಮಾ? ಕೆಂಪು ಗುಂಡಿ ಒತ್ತಿದ್ರ ಆಯ್ತು" ಎಂದ. ಪಕ್ಕದಲ್ಲಿ ನಿಂತ ಗಂಡಸು ಅದನ್ನೇ ಕೇಳಿದಾಗ ತೆಲುಗಿನಲ್ಲಿ ಸಾವಕಾಶವಾಗಿ ವಿವರಿಸಿದ. ನಾನು ಕಿವಿಗೊಟ್ಟು ಕೇಳಿ, ಯಾರೋ ಬಳಸಿ ಬಿಟ್ಟಿದ್ದ ಕ್ಯಾಸೆಟ್ಟಿನ ಕ್ಯಾಮೆರಾ ತಂದೆ.

ಮೊದಲ ಸಲ ಅವ್ವ ಅರ್ಧ ಹಾಸು ಕೂಡಿಸುವವರೆಗೂ ತೆಗೆದೆ. ಬಾಗಿಲ ಬಳಿ ನಿಂತು ಜೂಮನ್ನು ಕೊನೆಯವರೆಗೂ ಎಳೆದೆ. ಪ್ರತ್ಯೇಕ ರಾಜ್ಯದ ಹೋರಾಟದ ಬಂದ್ ಮುಗಿದು ಬಸ್ಸು ಬಿಟ್ಟ ಮೇಲೆ ಸ್ಟುಡಿಯೊಗೆ ಹೋಗಿ ಟಿವಿಯಲ್ಲಿ ನೋಡಿದರೆ, ಅವ್ವ ಕರಿ ಗೊಂಬೆ. ಹಿಂದಿನ ಕಿಟಕಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಬೆರಳುಗಳ ಜಾಗದಲ್ಲಿ ಒಡ್ಡೊಡ್ಡು ಚೌಕಗಳು, ಎಳೆಯಂತೂ ಇಲ್ಲವೇ ಇಲ್ಲ. ಚಿತ್ರದುದ್ದಕ್ಕೂ ಟ್ಯೂಬ್‌ಲೈಟಿನ ಬೆಳಕು ಪಟಪಟ ಅದುರುತ್ತಿತ್ತು. ಖಾಲಿ ಬೆರಳು ಉಜ್ಜುತ್ತ ಕೂತ ಹುಚ್ಚಿಯ ಹಾಗೆ ನನ್ನ ಅವ್ವ ಕಾಣುತ್ತಿದ್ದಳು. ಸ್ಟುಡಿಯೊದವನು ನಕ್ಕ. ಕ್ಯಾಮೆರಾವನ್ನು ಅವನ ತಲೆಗೇ ಬಡಿಯಬೇಕು ಅನ್ನಿಸಿತು.

ಆಮೇಲೆ ಇಂಗ್ಲಿಷ್ ಕೈಪಿಡಿ ಮುಂದಿಟ್ಟುಕೊಂಡು ನಿಘಂಟು ತಿರುವುತ್ತ ಕೂತೆ. ಎಂಟುನೂರು ಪಟ್ಟು ಎಂಬುದು ಶುದ್ಧ ಮೋಸ. ಗಾಜಿನ ಮಸೂರ ನಿಜವಾಗಿ ಹತ್ತಿರ ತರುವುದು ಮೂವತ್ತು ಪಟ್ಟು ಮಾತ್ರ. ಉಳಿದದ್ದು ತೆಗೆದ ಚಿತ್ರವನ್ನೇ ಹಿಗ್ಗಿಸಿ ಕಣ್ಣಿಗೆ ಮಣ್ಣೆರಚುವ ಕೆಲಸ. ಎಳೆ ಕಾಣಬೇಕಾದರೆ ಜೂಮ್ ಬಿಟ್ಟು ನಾನೇ ಹತ್ತಿರ ಹೋಗಬೇಕು. ಯಂತ್ರಕ್ಕೇ ಬಿಟ್ಟರೆ ಅದು ಬೆರಳು ಬಿಟ್ಟು ಹಿಂದಿನ ಮಗ್ಗದ ಕಂಬವನ್ನು ಸ್ಪಷ್ಟ ಮಾಡುತ್ತದೆ, ಹಾಗಾಗಿ ಫೋಕಸ್ ನನ್ನ ಕೈಯಲ್ಲಿರಬೇಕು. ಶಟರನ್ನು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗಕ್ಕೆ ಇಟ್ಟರೆ ಟ್ಯೂಬ್‌ಲೈಟಿನ ಅದುರು ನಿಲ್ಲುತ್ತದೆ. ಒಬ್ಬ ಮನುಷ್ಯ ಹತ್ತು ನಿಮಿಷದಲ್ಲಿ ಹೇಳಬಹುದಾಗಿದ್ದ ಇಷ್ಟು ವಿಷಯಕ್ಕೆ ನನಗೆ ಎರಡು ವಾರ ಹಿಡಿಯಿತು.

ಎರಡನೇ ಸಲ ಕಿಟಕಿಗೆ ಕಂಬಳಿ ಕಟ್ಟಿದೆ. ಜೋಳದ ಚೀಲದ ಮೇಲೆ ಕ್ಯಾಮೆರಾ ಕೂರಿಸಿ, ಅವ್ವನ ಕೈಯಿಂದ ಒಂದು ಗೇಣು ದೂರದಲ್ಲಿ ಇಟ್ಟೆ. ಕೊನೆಯ ಎಳೆಯವರೆಗೂ ಎಲ್ಲ ಕಂಡಿತು. ಬೂದಿ, ತಿರುವು, ಅವ್ವನ ಹೆಬ್ಬೆರಳ ಬುಡದ ಮೂರು ಹಚ್ಚೆ ಚುಕ್ಕೆ. ಮೂರನೆಯದು ಅರ್ಧವೇ ಇದೆ. ಚಿಕ್ಕವಳಿದ್ದಾಗ ನೋವಿಗೆ ಕೈ ಎಳೆದುಕೊಂಡಿದ್ದಳಂತೆ.

ಸಿ.ಡಿ. ಮಾಡಿಸಿಕೊಂಡು ಸಂಘಕ್ಕೆ ಹೋದೆ. ಕಾರ್ಯದರ್ಶಿ ಪೂರ್ತಿ ನೋಡಿದ.

"ಕೈಯೇನೋ ಛಲೋ ಅದಾವ್ರಿ. ಆದ್ರ ಮಾರಿ ಎಲ್ಲೈತಿ? ಈ ಕೈ ನಿಮ್ಮ ಅವ್ವಂದ ಅಂತ ನಾ ಹೆಂಗ ನಂಬ್ಲಿ? ಇಟ್ಟು ಹೋಗ್ರಿ, ನೋಡೂಣು."

ಸಿ.ಡಿ.ಯನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ. ಎಳೆ ಕಾಣಲಿ ಎಂದು ಅಷ್ಟು ಹತ್ತಿರ ಹೋದವಳು ಅವ್ವನ ಮುಖವನ್ನೇ ಬಿಟ್ಟಿದ್ದೆ. ಮತ್ತೆ ತೆಗೆಯೋಣವೆಂದರೆ ಕೂಡಿಸಲು ಒಂದು ಎಳೆಯೂ ಉಳಿದಿರಲಿಲ್ಲ. ಆ ಹಾಸನ್ನು ನಾನೇ ನೇಯ್ದು ಮುಗಿಸಿದೆ. ಆಮೇಲೆ ಮಗ್ಗ ನಿಂತಿತು.

ಹೋರಾಟ ಗೆದ್ದು ಪ್ರತ್ಯೇಕ ರಾಜ್ಯ ಬಂತು. ಗದ್ವಾಲದಲ್ಲಿ ಸಂಭ್ರಮದ ವಸ್ತುಪ್ರದರ್ಶನ ಇಟ್ಟಿದ್ದರು. ಊರಿನವರೆಲ್ಲ ಹೊರಟಾಗ ಅವ್ವನೂ ನಾನೂ ಹೋದೆವು, ಕ್ಯಾಮೆರಾ ನನ್ನ ಚೀಲದಲ್ಲಿತ್ತು. ನಮ್ಮ ಸಂಘದ ಮಳಿಗೆಯಲ್ಲಿ ಹಳೆಯ ಡಬ್ಬಿ ಟಿವಿ ಇಟ್ಟು ವಿಡಿಯೊ ಹಾಕಿದ್ದರು. ಕಾರ್ಯದರ್ಶಿಯ ತಮ್ಮ ಮಗ್ಗದಲ್ಲಿ ಕೂತು ನಗುತ್ತಿದ್ದ. ಮರುಕ್ಷಣ ಎರಡು ಕೈ, ಬೂದಿ, ಎಳೆ. ಮತ್ತೆ ಅವನ ನಗು. ನೋಡುವವರೆಲ್ಲ ಅವನ ಬೆರಳಿನ ಚಳಕವನ್ನು ಹೊಗಳುತ್ತಿದ್ದರು.

ಅವ್ವ ನನ್ನ ಮೊಣಕೈ ಹಿಡಿದಳು. "ನನ್ನ ಚುಕ್ಕಿ ನೋಡವಾ" ಎಂದಳು, ಮೆಲ್ಲಗೆ.

ನನ್ನ ನೆತ್ತಿ ಕಾದಿತ್ತು. ಯಾರ ಕೈ ಎಂದು ಗೊತ್ತಿಲ್ಲ ಅಂದವನು ಆ ಕೈಯನ್ನು ತನ್ನ ತಮ್ಮನಿಗೆ ಅಂಟಿಸಿದ್ದ. ಕಿರುಚಬೇಕೆಂದಿದ್ದೆ. ಕಿರುಚದೆ ಕ್ಯಾಮೆರಾ ಹೊರತೆಗೆದೆ. ಟಿವಿಯತ್ತ ಹಿಡಿದರೆ ಕ್ಯಾಮೆರಾದಲ್ಲಿ ಕರಿ ಪಟ್ಟಿಯೊಂದು ಚಿತ್ರದ ತುಂಬ ತೆವಳುತ್ತಿತ್ತು. ಶಟರನ್ನು ಐವತ್ತಕ್ಕೆ ತಂದೆ, ಪಟ್ಟಿ ನಿಂತಿತು. "ಅವ್ವಾ, ಟಿವಿ ಬಾಜೂಕ ಕೈ ಇಡು."

ಇಟ್ಟಳು. ಪರದೆಯೊಳಗೆ ಎರಡೂವರೆ ಚುಕ್ಕೆ, ಹೊರಗೂ ಎರಡೂವರೆ ಚುಕ್ಕೆ. ಕೆಂಪು ಗುಂಡಿಯನ್ನು ಮತ್ತೆ ಮುಟ್ಟದೆ, ಎಲ್ಲಿಯೂ ತುಂಡಾಗದ ಹಾಗೆ, ಕೈಯಿಂದ ತೋಳಿಗೆ, ತೋಳಿನಿಂದ ಮುಖಕ್ಕೆ ಕ್ಯಾಮೆರಾ ಎತ್ತಿದೆ. ಜನ ಟಿವಿ ಬಿಟ್ಟು ಅವ್ವನ ಕಡೆ ತಿರುಗಿದರು. ಅವ್ವ ನೇರ ನೋಡಿ ಹೇಳಿದಳು: "ಕೈ ನಂದು. ಮಾರಿ ಇದು. ಕಂಡ್ತಲ್ರಿ?"

"ಅಕ್ಕಾ, ಇಲ್ಲಿ ಬ್ಯಾಡ್ರಿ, ಆಫೀಸಿಗೆ ಬರ್ರಿ" ಎಂದು ಕಾರ್ಯದರ್ಶಿ ಓಡಿ ಬಂದ. ಅವ್ವ ಅವನ ಬಾಯಲ್ಲಿ ಅಕ್ಕ ಆದದ್ದು ಅವತ್ತೇ ಮೊದಲು.

ಕಾರ್ಡು ಬಂತು, ನೂಲೂ ಬಂತು. ಕ್ಷಮೆ ಬರಲಿಲ್ಲ. ಅವ್ವ ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅದರ ಮೂಲೆಯಲ್ಲಿ ಕತ್ತಿನವರೆಗೆ ಕತ್ತರಿಸಿದ ಅವಳ ಪುಟ್ಟ ಫೋಟೊ ಇತ್ತು.

"ಇದರಾಗ ಬರೇ ಮಾರಿ ಐತಲ್ಲ" ಎಂದಳು. "ಕೈ ಎಲ್ಲಿ?"