ಹಲ್ಲಿನಲ್ಲಿ ಕಚ್ಚಿದ ದಾರ

೧೯೮೦ರ ಫೆಬ್ರುವರಿ ೧೬, ಶನಿವಾರ. ಸಿದ್ಧಾರ್ಥಿ ಸಂವತ್ಸರದ ಮಾಘ ಬಹುಳ ಅಮಾವಾಸ್ಯೆ. ದಿನಾಂಕವನ್ನು ಎರಡು ಕಡೆ ತಾಳೆ ನೋಡಿದ್ದೇನೆ: ಮನೆಯಲ್ಲಿ ಉಳಿದಿರುವ ಆ ವರ್ಷದ ಪಂಚಾಂಗ ಮತ್ತು ಗ್ರಂಥಾಲಯದಲ್ಲಿರುವ ಮರುದಿನದ ಪತ್ರಿಕೆ. ಪೂರ್ಣ ಸೂರ್ಯಗ್ರಹಣದ ಪಟ್ಟಿ ನಮ್ಮಿಂದ ಉತ್ತರಕ್ಕೆ, ಕಾರವಾರದಿಂದ ರಾಯಚೂರಿನತ್ತ ಹಾದುಹೋಗಿತ್ತು. ಬೆಂಗಳೂರಿನಲ್ಲಿ ಅದು ಪಾರ್ಶ್ವಗ್ರಹಣ. ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಹಿಡಿದು ಐದರ ಹೊತ್ತಿಗೆ ಬಿಟ್ಟಿತು. ಇಷ್ಟರಲ್ಲಿ ಅನುಮಾನವಿಲ್ಲ. ಇಲ್ಲಿಂದ ಮುಂದಕ್ಕೆ ಬಹುಮಟ್ಟಿಗೆ ನನ್ನ ನೆನಪೇ ಆಧಾರ.

ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಗಳನ್ನು ಪಂಚಾಂಗವು ಘಳಿಗೆ ಲೆಕ್ಕದಲ್ಲಿ ಕೊಟ್ಟಿದೆ, ಲೆಕ್ಕ ಸರಿಯಾಗಿದೆ. ಗರ್ಭಿಣಿಯರು ಹೊರಗೆ ಬರಬಾರದು, ಏನನ್ನೂ ಕತ್ತರಿಸಬಾರದು ಎಂಬ ಮಾತೂ ಅದೇ ಪುಟದಲ್ಲಿ, ಅದೇ ಅಚ್ಚಿನಲ್ಲಿದೆ. ಮೊದಲನೆಯದು ನಿಜವಾದ್ದರಿಂದ ಎರಡನೆಯದೂ ನಿಜವಿರಬೇಕೆಂದು ಜನ ನಂಬಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಗ ನಮ್ಮದು ವಿಜಯನಗರದಲ್ಲಿ ಬಾಡಿಗೆ ಮನೆ. ನಾನು ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ಸಹಾಯಕ. ತಂಗಿ ಚೊಚ್ಚಲ ಹೆರಿಗೆಗೆಂದು ಕೆಂಗೇರಿಯ ಗಂಡನ ಮನೆಯಿಂದ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಅಂದು ಬೆಳಗ್ಗೆಯೇ ಅಮ್ಮ ಈಳಿಗೆಮಣೆ, ಚಾಕು, ಕತ್ತರಿ, ಕೊನೆಗೆ ನನ್ನ ಶೇವಿಂಗ್ ಬ್ಲೇಡನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಉಪ್ಪಿನಕಾಯಿ ಜಾಡಿಗೂ ನೀರಿನ ಕೊಡಕ್ಕೂ ದರ್ಭೆ ಹಾಕಿದಳು. ತಂಗಿಯನ್ನು ಹಿಂದಿನ ಕೋಣೆಗೆ ಕಳಿಸಿ ಕಿಟಕಿಗೆ ಕಂಬಳಿ ಕಟ್ಟಿದಳು.

"ಉಗುರು ಕಚ್ಬೇಡ, ಮೈ ಕೆರ್ಕೋಬೇಡ, ಸುಮ್ನೆ ಮಲಕ್ಕೋ."

"ಉಸಿರಾಡ್ಬೋದೇನಮ್ಮಾ?"

"ಬಾಯಿಗೇನೂ ಕಮ್ಮಿ ಇಲ್ಲ ಕಣೇ ನಿಂಗೆ."

ನಾನು ರಟ್ಟಿನಲ್ಲಿ ಸೂಜಿತೂತು ಮಾಡಿಕೊಂಡು ತಾರಸಿಗೆ ಹೋದೆ. ಅತ್ತಿಗುಪ್ಪೆಯ ಕಡೆಯ ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಕಾಗದದ ಮೇಲೆ ಸೂರ್ಯ ಕಡಿದ ದೋಸೆಯಂತೆ ಕಾಣುತ್ತಿದ್ದ. ನಾಲ್ಕು ಗಂಟೆಯ ಸುಮಾರಿಗೆ ಕೆಳಗಿನಿಂದ ಅಮ್ಮನ ಕೂಗು ಕೇಳಿ ಇಳಿದುಬಂದೆ. ಅಮ್ಮ ಬೀಗ ಹಾಕದೆ ಬಿಟ್ಟದ್ದು ಒಂದೇ: ಕ್ಯಾಲೆಂಡರಿಗೆ ಚುಚ್ಚಿಟ್ಟಿದ್ದ ಸೂಜಿ. ತಂಗಿ ಕಂಬಳಿಯ ಅಂಚು ಸರಿಸಿ, ಆ ಬೆಳಕಿನಲ್ಲಿ ಹುಟ್ಟುವ ಮಗುವಿನ ಕುಲಾವಿಗೆ ಲಾಡಿ ಹೊಲಿದು ಮುಗಿಸಿದ್ದಳು. ಕತ್ತರಿ ಸಿಗದೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ್ದಳು.

"ಕತ್ರಿಸ್ಲಿಲ್ಲಮ್ಮಾ, ಕಚ್ಚಿದ್ದು ಅಷ್ಟೆ," ಎಂದಳು. ಅಮ್ಮ ಅವಳ ಬಾಯನ್ನೇ ನೋಡುತ್ತ ನಿಂತಿದ್ದಳು.

ಆಗ ನಾನು ಅಮ್ಮನಿಗೆ, ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭದ ಎರಡನೆಯ ತಿಂಗಳಲ್ಲಿ, ಈಗ ದಾರ ಕಚ್ಚಿದರೆ ಏನೂ ಆಗದು ಎಂದು ಹೇಳಿದೆನೆಂದು ನೆನಪು. ನೆನಪು ಎಂದಷ್ಟೇ ಬರೆಯುತ್ತೇನೆ.

ಏಪ್ರಿಲ್ ಕೊನೆಯ ವಾರ ಹೆಣ್ಣುಮಗು ಹುಟ್ಟಿತು. ಮೇಲ್ತುಟಿ ಮೂಗಿನವರೆಗೆ ಸೀಳಿತ್ತು. ಅಮ್ಮ ಆಸ್ಪತ್ರೆಯ ವರಾಂಡದಲ್ಲೇ ದಾರದ ಸಂಗತಿಯನ್ನು ಹೇಳಿಕೊಂಡು ಅತ್ತಳು. ಅದು ಕೆಂಗೇರಿಗೆ ಮುಟ್ಟಿತು. ಹತ್ತು ದಿನ ಕಳೆದ ಮೇಲೆ ತಂಗಿಯ ಗಂಡ ಒಬ್ಬನೇ ಬಂದ. ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕುಳಿತ.

"ಭಾವ, ನಮ್ಮಪ್ಪ ಇವಳನ್ನ ಮನೆಗೆ ಸೇರಿಸ್ಬೇಡ ಅಂತಾವ್ರೆ. ಗ್ರಹಣದಲ್ಲಿ ಮಾತು ಮೀರಿದೋಳು ಅಂತ. ಅವಳ ತಪ್ಪಿಲ್ಲ ಅಂತ ನೀವೊಂದು ಕಾಗದ ಬರ್ದುಕೊಡಿ. ನೀವು ಸೈನ್ಸ್ ಓದಿದೋರು, ನಿಮ್ಮ ಮಾತು ಕೇಳ್ತಾರೆ. ನಾನು ಕರ್ಕೊಂಡು ಹೋಗ್ತೀನಿ."

"ಗ್ರಹಣದಿಂದ ಅಲ್ಲ ಅಂದ್ರೆ ಮತ್ಯಾತರಿಂದ ಅಂತ ಕೇಳಲ್ವಾ ನಿಮ್ಮಪ್ಪ?"

"ಕೇಳ್ತಾರೆ. ವಂಶದಲ್ಲಿದ್ಯಾ ಅಂತ ಕೇಳ್ತಾರೆ."

ಅವನು ಹೋದ ಮೇಲೆ ಅಮ್ಮ ಅಡುಗೆಮನೆಯಿಂದ ಒಂದೇ ಮಾತು ಹೇಳಿದಳು: "ನಿಂಗೆ ಹೆಣ್ಣು ನೋಡ್ತಿದೀವಿ ಕಣೋ. ಯೋಚ್ನೆ ಮಾಡಿ ಬರಿ."

ನನ್ನ ನೆನಪಿನಲ್ಲಿ ಆ ಕಾಗದ ನಾಲ್ಕು ಪುಟದ್ದು. ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸಿ, ೧೯೭೯ರ ಸೆಪ್ಟೆಂಬರ್ ಮುಗಿಯುವುದರೊಳಗೇ ತುಟಿಯ ವಿಷಯ ತೀರ್ಮಾನವಾಗಿತ್ತು, ಗ್ರಹಣ ಬಂದದ್ದು ಅದಾಗಿ ತಿಂಗಳುಗಳ ನಂತರ ಎಂದು ಬರೆದಿದ್ದೆ. ಭ್ರೂಣದ ಮುಖದ ಚಿತ್ರವನ್ನು ಪೆನ್ಸಿಲಿನಲ್ಲಿ ಬಿಡಿಸಿದ್ದೆ. ಬೇರೆ ನಾಡುಗಳಲ್ಲಿ ಗರ್ಭಿಣಿ ಮೊಲವನ್ನು ಕಂಡರೆ ಮಗುವಿನ ತುಟಿ ಸೀಳುತ್ತದೆಂದು ನಂಬಿದ್ದರು, ಅಲ್ಲಿ ಗ್ರಹಣವನ್ನು ಯಾರೂ ದೂರಲಿಲ್ಲ ಎಂಬುದನ್ನೂ ಸೇರಿಸಿದ್ದೆ. ಕಾರಣವನ್ನು ಬಹಳ ಸಲ ಗುರುತಿಸಲಾಗದು, ಕೆಲವೊಮ್ಮೆ ವಂಶದಲ್ಲೂ ಇರಬಹುದು ಎಂದು ಮುಗಿಸಿದ್ದೆ.

ಕೆಂಗೇರಿಯಿಂದ ಉತ್ತರ ಬರಲಿಲ್ಲ. ಅವನೂ ಮತ್ತೆ ಬರಲಿಲ್ಲ. ಮಗುವಿಗೆ ಆರು ತಿಂಗಳಾದಾಗ ತುಟಿ ಹೊಲಿದರು. ಒಂದು ಗೆರೆ ಉಳಿಯಿತು. ತಂಗಿ ನಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಳು. ಎಷ್ಟೇ ಅವಸರವಿದ್ದರೂ ದಾರವನ್ನು ಹಲ್ಲಿಗೆ ತರುತ್ತಿರಲಿಲ್ಲ. ಕತ್ತರಿ ಎಲ್ಲಿದೆಯೆಂದು ಹುಡುಕುತ್ತಿದ್ದಳು. ಕಾಗದದಲ್ಲಿ ಏನಿತ್ತೆಂದು ಒಮ್ಮೆಯೂ ಕೇಳಲಿಲ್ಲ. ವಿಜ್ಞಾನವನ್ನು ಎಷ್ಟು ಸ್ಪಷ್ಟವಾಗಿ ಹೇಳಿದರೂ ಜನ ಕೇಳುವುದಿಲ್ಲವೆಂಬುದಕ್ಕೆ ಈ ಪ್ರಸಂಗವನ್ನು ನಾನು ಹಲವು ಸಭೆಗಳಲ್ಲಿ ಉದಾಹರಣೆಯಾಗಿ ಹೇಳಿದ್ದೇನೆ.

ಕಳೆದ ವರ್ಷ ತಂಗಿಯ ಗಂಡ ತೀರಿಕೊಂಡ. ಅವನ ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ಕೆಂಗೇರಿಯವರು ಮಗಳಿಗೆ ಕೊಟ್ಟರು. ಅವಳು ಒಂದನ್ನು ನನ್ನ ಮೇಜಿನ ಮೇಲಿಟ್ಟು, "ಮಾಮ, ಇದು ನಿಮ್ಮ ಅಕ್ಷರಾನೇ ಅಲ್ವಾ?" ಎಂದಳು. ಉತ್ತರಕ್ಕೆ ಕಾಯದೆ ಹೊರಟಳು.

ಅದೊಂದು ಇನ್‌ಲ್ಯಾಂಡ್ ಪತ್ರ. ವಿಜಯನಗರದ ಅಂಚೆ ಮುದ್ರೆ. ಮೇ ೧೯೮೦ ಎಂಬುದು ಓದಲು ಸಿಗುತ್ತದೆ, ದಿನದ ಅಂಕಿ ಅಳಿಸಿದೆ. ಅಕ್ಷರ ನನ್ನದೇ, ಆ ವರ್ಷದ ನನ್ನ ಪ್ರಯೋಗ ಟಿಪ್ಪಣಿಗಳೊಂದಿಗೆ ಹೋಲಿಸಿ ನೋಡಿದೆ. ನನ್ನ ಲಗ್ನಪತ್ರಿಕೆಯನ್ನೂ ತೆಗೆದು ನೋಡಿದೆ. ಅದರಲ್ಲಿರುವುದು ಅದೇ ವರ್ಷದ ನವೆಂಬರ್. ಪತ್ರದಲ್ಲಿ ಚಿತ್ರವಿಲ್ಲ, ವಾರಗಳ ಎಣಿಕೆಯಿಲ್ಲ, ಮೊಲವಿಲ್ಲ. ಒಕ್ಕಣೆಯ ನಂತರ ಇರುವುದು ಮೂರೇ ವಾಕ್ಯ:

"ನಮ್ಮ ವಂಶದಲ್ಲಿ ಹಿಂದೆ ಯಾರಿಗೂ ಇಂಥದ್ದಿಲ್ಲ. ಗ್ರಹಣದ ದಿನ ನಮ್ಮ ತಾಯಿಯವರು ಎಷ್ಟು ಎಚ್ಚರಿಸಿದ್ದರೂ ಹುಡುಗಿ ದಾರ ಕಚ್ಚಿದ್ದು ನಿಜ. ಇದು ಅದರ ಫಲವೆಂದೇ ನಾನೂ ತಿಳಿಯುತ್ತೇನೆ."